ಒಂದು ಇಟ್ಟಿಗೆ ಎತ್ತರಕ್ಕೆ

ಅಮೆರಿಕಾ ದೇಶದ ಷಿಕಾಗೋ ನಗರದಿಂದ ಆಗ್ನೇಯ ದಿಕ್ಕಿಗೆ ಸುಮಾರು ನೂರಿಪ್ಪತ್ತು ಮೈಲಿ ಸಾಗಿದರೆ ವಾಬಾಶ್ ನದಿಯ ದಂಡೆ ಸಿಕ್ಕುತ್ತದೆ. ದಾರಿಯುದ್ದಕ್ಕೂ ಕಣ್ಣು ಹರಿಯುವಷ್ಟು ದೂರ ಮುಸುಕಿನ ಜೋಳದ ಹೊಲಗಳು, ಬೆಟ್ಟವಿಲ್ಲ, ಗುಡ್ಡವಿಲ್ಲ. ಇದು ಇಂಡಿಯಾನ ಸಂಸ್ಥಾನ. ನದಿಯ ಪೂರ್ವದ ದಡದಲ್ಲಿ ಲಫಾಯೆಟ್ ಎಂಬ ಊರು. ಪಶ್ಚಿಮದ ದಡದಲ್ಲಿ ವೆಸ್ಟ್ ಲಫಾಯೆಟ್. ಸೇತುವೆಯನ್ನು ದಾಟಿ ಪಶ್ಚಿಮದ ದಿಣ್ಣೆಯನ್ನೇರಿದ ಪ್ರವಾಸಿಗನಿಗೆ ಕೆಂಪು ಇಟ್ಟಿಗೆಯ ಕಟ್ಟಡಗಳ ಸಾಲುಸಾಲೇ ಎದುರಾಗುತ್ತದೆ. ಅದೇ ಪರ್ಡ್ಯೂ ವಿಶ್ವವಿದ್ಯಾನಿಲಯ. ಅಮೆರಿಕಾದ ಹೆಸರಾಂತ ಇಂಜಿನಿಯರಿಂಗ್ ಶಾಲೆಗಳಲ್ಲೊಂದು.

ಲಫಾಯೆಟ್ಟಿನ ವರ್ತಕ ಜಾನ್ ಪರ್ಡ್ಯೂ 1869ರಲ್ಲಿ ಒಂದೂವರೆ ಲಕ್ಷ ಡಾಲರುಗಳನ್ನು ದಾನವಾಗಿ ಕೊಟ್ಟು ಈ ವಿದ್ಯಾಸಂಸ್ಥೆಗೆ ಕಾರಣನಾದನು. 1874ರಲ್ಲಿ ಪಾಠಗಳು ಆರಂಭವಾದಾಗ ಇದ್ದವರು 39 ವಿದ್ಯಾರ್ಥಿಗಳು, ಆರು ಮಂದಿ ಅಧ್ಯಾಪಕರು. ಎರಡು ವರ್ಷಗಳ ತರುವಾಯ ತೀರಿಕೊಂಡ ಆ ದಾನಿಯ ಸಮಾಧಿ ಆವರಣದೊಳಗೇ ಇದೆ. ಪರೀಕ್ಷೆಗೆ ಹೋಗುವ ತರುಣರು ಅದರ ಪಕ್ಕದಲ್ಲಿಯೇ ಹಾದುಹೋಗುತ್ತಾರೆ.

ಇಲ್ಲಿನ ಇಟ್ಟಿಗೆಗೆ ಒಂದು ಕಥೆಯಿದೆ. 1894ರ ಜನವರಿಯಲ್ಲಿ ಹೆವಿಲನ್ ಹಾಲ್ ಎಂಬ ಇಂಜಿನಿಯರಿಂಗ್ ಕಟ್ಟಡದ ಉದ್ಘಾಟನೆ ನಡೆಯಿತು. ಎತ್ತರವಾದ ಗೋಪುರ, ಹೊಸ ಯಂತ್ರಗಳು, ಊರವರ ಸಂಭ್ರಮ. ನಾಲ್ಕೇ ದಿನಗಳಲ್ಲಿ ಬೆಂಕಿ ಬಿದ್ದು ಕಟ್ಟಡವೆಲ್ಲ ಸುಟ್ಟು ಹೋಯಿತು. ಮರುದಿನ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ವಿದ್ಯಾರ್ಥಿಗಳನ್ನು ಕೂಡಿಸಿ, ಆ ಗೋಪುರ ಮತ್ತೆ ಏಳುವುದು, ಮೊದಲಿಗಿಂತ ಒಂದು ಇಟ್ಟಿಗೆ ಎತ್ತರಕ್ಕೇ ಏಳುವುದು ಎಂದು ಭರವಸೆ ಕೊಟ್ಟನು. 1895ರಲ್ಲಿ ಅದು ನಿಜವಾಗಿಯೂ ಎದ್ದಿತು; ಒಂದಲ್ಲ, ಒಂಬತ್ತು ಇಟ್ಟಿಗೆ ಎತ್ತರಕ್ಕೆ. ಆ ಗೋಪುರವನ್ನು 1956ರಲ್ಲಿ ಕೆಡವಿದರು. ಅದರ ಗಂಟೆಗಳು ಮಾತ್ರ ಉಳಿದು, 1995ರಲ್ಲಿ ಕಟ್ಟಿದ 160 ಅಡಿ ಎತ್ತರದ ಹೊಸ ಗಂಟೆಗೋಪುರವನ್ನು ಸೇರಿವೆ. ಒಂದು ಇಟ್ಟಿಗೆ ಎತ್ತರಕ್ಕೆ ಎಂಬ ಮಾತು ಇಂದಿಗೂ ಇಲ್ಲಿಯವರ ಬಾಯಲ್ಲಿದೆ.

ಬೆಂಕಿ ಬಿದ್ದ ಅದೇ 1894ರಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಅದಕ್ಕೆ ಗಂಟೆ ಬಾರಿಸಿದವರಿಲ್ಲ. ಡೇವಿಡ್ ರಾಬರ್ಟ್ ಲೂಯಿಸ್ ಎಂಬ ಕಪ್ಪು ಜನಾಂಗದ ತರುಣನು ಸಿವಿಲ್ ಇಂಜಿನಿಯರಿಂಗ್ ಪದವಿಯನ್ನು ಪಡೆದನು. ಪರ್ಡ್ಯೂವಿನ ಪದವೀಧರರಲ್ಲಿ ಆ ಜನಾಂಗದ ಮೊದಲಿಗನೆಂದು ಅವನನ್ನು ಗುರುತಿಸುತ್ತಾರೆ. ಬಾಗಿಲು ತೆರೆದಿದ್ದಿತು ಎಂಬುದಕ್ಕೆ ಅವನು ಸಾಕ್ಷಿ. ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಗೆ ಕುಳಿತುಕೊಳ್ಳಲು ಸ್ಥಳವಿರುವುದು ಬೇರೆ. ಈ ಎರಡರ ನಡುವಣ ಅಂತರವನ್ನು ತುಂಬಲು ಇಲ್ಲಿ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಇಬ್ಬರು ಮಹಿಳೆಯರು

ಮೊದಲ ಪ್ರಯತ್ನ ನಡೆದುದು ಹೆಣ್ಣುಮಕ್ಕಳಿಗಾಗಿ. 1935ರಲ್ಲಿ ಅಧ್ಯಕ್ಷ ಎಡ್ವರ್ಡ್ ಎಲಿಯಟ್ ಇಬ್ಬರು ಪ್ರಸಿದ್ಧ ಮಹಿಳೆಯರನ್ನು ಇಲ್ಲಿಗೆ ಕರೆತಂದನು. ಒಬ್ಬಾಕೆ ಲಿಲಿಯನ್ ಗಿಲ್ಬ್ರೆತ್. ಹನ್ನೆರಡು ಮಕ್ಕಳ ತಾಯಿ, ಕೆಲಸದ ಚಲನವಲನಗಳನ್ನು ಅಳೆದು ಶ್ರಮವನ್ನು ಕಡಿಮೆ ಮಾಡುವ ಶಾಸ್ತ್ರದಲ್ಲಿ ಪರಿಣತೆ. ಪರ್ಡ್ಯೂವಿನ ಇಂಜಿನಿಯರಿಂಗ್ ಶಾಲೆಯಲ್ಲಿ ಪ್ರಾಧ್ಯಾಪಕಿಯಾದ ಮೊದಲ ಮಹಿಳೆ ಅವರೇ. ಇನ್ನೊಬ್ಬಾಕೆ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ವಿಮಾನದಲ್ಲಿ ದಾಟಿದ ಅಮೇಲಿಯಾ ಇಯರ್ಹಾರ್ಟ್. ವಿದ್ಯಾರ್ಥಿನಿಯರಿಗೆ ಉದ್ಯೋಗದ ವಿಚಾರದಲ್ಲಿ ಸಲಹೆ ಕೊಡುವುದು ಅವರ ಕೆಲಸವಾಗಿದ್ದಿತು. ಇಲ್ಲಿಗೆ ಬಂದಾಗ ಅವರು ಹೆಣ್ಣುಮಕ್ಕಳ ವಸತಿಗೃಹದಲ್ಲಿಯೇ ಇಳಿದುಕೊಳ್ಳುತ್ತಿದ್ದರು. ಪದವಿಯಾದ ಮೇಲೆ ಏನು ಮಾಡುವಿರಿ ಎಂಬ ಅವರ ಪ್ರಶ್ನೆ, ಆ ಕಾಲದ ಅನೇಕ ಹುಡುಗಿಯರನ್ನು ಯಾರೂ ಕೇಳದಿದ್ದ ಪ್ರಶ್ನೆ. 1937ರ ಜುಲೈನಲ್ಲಿ ಭೂಪ್ರದಕ್ಷಿಣೆಗೆ ಹೊರಟ ಅವರ ವಿಮಾನ ಶಾಂತಸಾಗರದ ಮೇಲೆ ಕಣ್ಮರೆಯಾಯಿತು. ಆ ವಿಮಾನವನ್ನು ಕೊಳ್ಳಲು ನೆರವಾದುದು ಪರ್ಡ್ಯೂವಿನ ಸಂಶೋಧನ ಪ್ರತಿಷ್ಠಾನವೇ.

ಇಷ್ಟಾದರೂ ಇಂಜಿನಿಯರಿಂಗ್ ತರಗತಿಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಬೆರಳೆಣಿಕೆಯಾಗಿಯೇ ಉಳಿಯಿತು. ಕೊನೆಗೆ 1969ರಲ್ಲಿ ಮಹಿಳಾ ಇಂಜಿನಿಯರಿಂಗ್ ಯೋಜನೆಯೊಂದನ್ನು ಪರ್ಡ್ಯೂ ಆರಂಭಿಸಿತು. ಅಮೆರಿಕಾದಲ್ಲಿ ಈ ಬಗೆಯ ಯೋಜನೆ ಅದೇ ಮೊದಲನೆಯದು. ಮೇಲಿನ ತರಗತಿಯ ವಿದ್ಯಾರ್ಥಿನಿ ಹೊಸಬಳಿಗೆ ಜೊತೆಯಾಗುವುದು, ಕೆಲಸದಲ್ಲಿರುವ ಮಹಿಳಾ ಇಂಜಿನಿಯರು ಬಂದು ತನ್ನ ಅನುಭವವನ್ನು ಹೇಳುವುದು, ಶಾಲೆಯ ಹುಡುಗಿಯರನ್ನು ಕರೆಸಿ ಪ್ರಯೋಗಶಾಲೆಯನ್ನು ತೋರಿಸುವುದು, ಇಂಥವೇ ಅದರ ಕಾರ್ಯಗಳು. ನೋಡುವುದಕ್ಕೆ ಸಣ್ಣವು. ಆದರೆ ಅರವತ್ತು ಗಂಡುಹುಡುಗರ ನಡುವೆ ಒಬ್ಬಳೇ ಕುಳಿತ ಹುಡುಗಿಗೆ ಅವು ಸಣ್ಣವಾಗಿರಲಿಲ್ಲ.

ಮೆಟ್ಟಿಲ ಮೇಲಣ ಇಟ್ಟಿಗೆಗಳು

ಕಪ್ಪು ಜನಾಂಗದ ವಿದ್ಯಾರ್ಥಿಗಳ ದಾರಿ ಇನ್ನೂ ಕಠಿಣವಾಗಿದ್ದಿತು. 1946ರಲ್ಲಿ ವಿನಿಫ್ರೆಡ್ ಮತ್ತು ಫ್ರೀಡಾ ಪಾರ್ಕರ್ ಎಂಬ ಅಕ್ಕತಂಗಿಯರು ಓದಲು ಬಂದರು. ಪ್ರವೇಶ ಸಿಕ್ಕಿತು; ವಸತಿಗೃಹದಲ್ಲಿ ಸ್ಥಳ ಮಾತ್ರ ಸಿಕ್ಕಲಿಲ್ಲ. ಹುಡುಗಿಯರು ನದಿಯಾಚೆಯ ಲಫಾಯೆಟ್ಟಿನಲ್ಲಿ ಇದ್ದುಕೊಂಡು ಬಂದು ಹೋಗಬೇಕಾಯಿತು. ಮನೆಯವರು ಸುಮ್ಮನಿರಲಿಲ್ಲ, ದೂರು ಸಂಸ್ಥಾನದ ಗವರ್ನರನವರೆಗೆ ಹೋಯಿತು. 1947ರ ಆರಂಭದಲ್ಲಿ ವಸತಿಗೃಹದ ಬಾಗಿಲು ತೆರೆಯಿತು. 2021ರಲ್ಲಿ ಎರಡು ವಸತಿಗೃಹಗಳಿಗೆ ಆ ಸೋದರಿಯರಿಬ್ಬರ ಹೆಸರನ್ನಿಡಲಾಯಿತು. ಸ್ಥಳ ಕೊಡದಿದ್ದ ಆವರಣದಲ್ಲಿ ಈಗ ಆ ಹೆಸರುಗಳೇ ಗೋಡೆಯ ಮೇಲಿವೆ.

1968ರ ಮೇ ತಿಂಗಳಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಕಪ್ಪು ವಿದ್ಯಾರ್ಥಿಗಳು ಮೆರವಣಿಗೆಯಲ್ಲಿ ಆಡಳಿತ ಕಚೇರಿಯತ್ತ ನಡೆದರು. ಪ್ರತಿಯೊಬ್ಬರ ಕೈಯಲ್ಲಿಯೂ ಒಂದೊಂದು ಕಾಗದದ ಚೀಲ. ಮೆಟ್ಟಿಲ ಬಳಿ ಬಂದಾಗ ಚೀಲಗಳಿಂದ ಇಟ್ಟಿಗೆಗಳು ಹೊರಬಂದವು. ಅವನ್ನು ಕಿಟಕಿಗಳಿಗೆ ಎಸೆಯಲಿಲ್ಲ. ಮೆಟ್ಟಿಲ ಮೇಲೆ ಒಂದೊಂದಾಗಿ ಇಟ್ಟರು. ತಮ್ಮ ಬೇಡಿಕೆಗಳನ್ನು ತಿಳಿಸಿದರು. ಆ ಇಟ್ಟಿಗೆಗಳಿಂದ ಕಟ್ಟಲೂ ಬಹುದು, ಒಡೆಯಲೂ ಬಹುದು ಎಂಬುದನ್ನು ಒಳಗಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದೇ ವರ್ಷ ಹೆಲೆನ್ ಬ್ಯಾಸ್ ವಿಲಿಯಮ್ಸ್ ಎಂಬ ಮಹಿಳೆ ಫ್ರೆಂಚ್ ಭಾಷೆಯ ಅಧ್ಯಾಪಕಿಯಾಗಿ ಬಂದರು. ಪರ್ಡ್ಯೂವಿನ ಅಧ್ಯಾಪಕವರ್ಗದಲ್ಲಿ ಕಪ್ಪು ಜನಾಂಗದ ಮೊದಲಿಗರು ಅವರು. ಪಾಠದ ಜೊತೆಗೆ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಹೊಣೆಯನ್ನೂ ಹೊತ್ತರು. ಕಪ್ಪು ಜನಾಂಗದ ಸಂಸ್ಕೃತಿ ಕೇಂದ್ರವೊಂದು ಆ ಬೇಡಿಕೆಗಳ ಫಲವಾಗಿಯೇ ಹುಟ್ಟಿಕೊಂಡಿತು. 1999ರಲ್ಲಿ ಅದಕ್ಕೆ ಸ್ವಂತ ಕಟ್ಟಡವಾಯಿತು. ಆಫ್ರಿಕಾದ ವಾಸ್ತುಶೈಲಿಯನ್ನು ನೆನಪಿಗೆ ತರುವ ಅದನ್ನು ರೂಪಿಸಿದ ಶಿಲ್ಪಿ ವಾಲ್ಟರ್ ಬ್ಲ್ಯಾಕ್‌ಬರ್ನ್.

ಆರು ಮಂದಿ ತರುಣರು

ಆದರೆ ಇಂಜಿನಿಯರಿಂಗ್ ಶಾಲೆಯೊಳಗೆ ಏನು ನಡೆಯುತ್ತಿದ್ದಿತು? 1960ರ ದಶಕದ ಕೊನೆಯಲ್ಲಿ ಮೊದಲನೆಯ ವರ್ಷಕ್ಕೆ ಸೇರಿದ ಕಪ್ಪು ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಂಬತ್ತು ಮಂದಿ ಓದನ್ನು ನಡುವೆಯೇ ಬಿಟ್ಟುಹೋಗುತ್ತಿದ್ದರು. ಐವರು ಬಂದರೆ ಉಳಿಯುವವನು ಒಬ್ಬನೇ.

ಇಂಜಿನಿಯರಿಂಗ್ ಓದಿನ ಸ್ವರೂಪವನ್ನು ಬಲ್ಲವರಿಗೆ ಇದರ ಕಾರಣ ಅರ್ಥವಾದೀತು. ಕಲನಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ, ಇವು ಒಂದರ ಮೇಲೊಂದು ಇಟ್ಟ ಮೆಟ್ಟಿಲುಗಳು. ಕೆಳಗಿನದು ತಪ್ಪಿದರೆ ಮೇಲಿನದಕ್ಕೆ ಕಾಲಿಡುವಂತಿಲ್ಲ. ಮನೆಪಾಠಕ್ಕೆ ಕೊಟ್ಟ ಲೆಕ್ಕವನ್ನು ನಾಲ್ವರು ಗೆಳೆಯರು ಕೂಡಿ ಬಿಡಿಸುತ್ತಾರೆ. ಹಳೆಯ ಪ್ರಶ್ನಪತ್ರಿಕೆಗಳು ಹಿರಿಯರಿಂದ ಕಿರಿಯರಿಗೆ ಕೈದಾಟುತ್ತವೆ. ಯಾವ ಪ್ರಾಧ್ಯಾಪಕರನ್ನು ಯಾವಾಗ ಕಾಣಬೇಕೆಂಬುದು ಊಟದ ಮೇಜಿನ ಮಾತಿನಲ್ಲಿ ತಿಳಿಯುತ್ತದೆ. ಆ ಮೇಜಿಗೆ ಕರೆಯಿಲ್ಲದವನು ಕೊಠಡಿಯಲ್ಲಿ ಒಬ್ಬನೇ ಕುಳಿತು, ಬಾರದ ಲೆಕ್ಕಕ್ಕೆ ತನ್ನ ಬುದ್ಧಿಯನ್ನೇ ಹಳಿದುಕೊಳ್ಳುತ್ತಾನೆ.

1970ರ ದಶಕದಲ್ಲಿ ಈ ಮಾತಿಗೆ ದೂರದ ಕ್ಯಾಲಿಫೋರ್ನಿಯಾದಿಂದ ಪುಷ್ಟಿ ದೊರೆಯಿತು. ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞನು ಕಲನಶಾಸ್ತ್ರದಲ್ಲಿ ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳನ್ನೂ ಗೆಲ್ಲುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಅವರ ಕೊಠಡಿಗಳವರೆಗೆ ಹಿಂಬಾಲಿಸಿ ಗಮನಿಸಿದನು. ಸೋಲಿಗೆ ಕಾರಣ ಸೋಮಾರಿತನವಲ್ಲ, ಮನೆಯವರ ಉದಾಸೀನವೂ ಅಲ್ಲ. ಇವರು ಒಬ್ಬೊಬ್ಬರೇ ಓದುತ್ತಿದ್ದರು, ಅವರು ಕೂಡಿ ಓದುತ್ತಿದ್ದರು. ಅವನು ಸುಲಭಪಾಠದ ತರಗತಿ ತೆರೆಯದೆ, ಕಷ್ಟದ ಲೆಕ್ಕಗಳನ್ನೇ ಗುಂಪಿನಲ್ಲಿ ಬಿಡಿಸುವ ಏರ್ಪಾಡು ಮಾಡಿದನು. ಫಲ ಚೆನ್ನಾಗಿಯೇ ಬಂದಿತು.

ಪರ್ಡ್ಯೂವಿನ ತರುಣರು ಇದನ್ನು ತಮ್ಮ ಅನುಭವದಿಂದಲೇ ಕಂಡುಕೊಂಡಿದ್ದರು. 1971ರಲ್ಲಿ ಎಡ್ವರ್ಡ್ ಬಾರ್ನೆಟ್, ಫ್ರೆಡ್ ಕೂಪರ್ ಎಂಬ ಇಬ್ಬರು ವಿದ್ಯಾರ್ಥಿಗಳು ಡೀನರ ಬಳಿ ಹೋಗಿ, ಕಪ್ಪು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಸಂಘವೊಂದನ್ನು ಕಟ್ಟಲು ಅನುಮತಿ ಬೇಡಿದರು. ಡೀನರು ಒಪ್ಪಿ, ಆರ್ಥರ್ ಬಾಂಡ್ ಎಂಬ ಕಪ್ಪು ಜನಾಂಗದ ಅಧ್ಯಾಪಕರನ್ನು ಸಲಹೆಗಾರರನ್ನಾಗಿ ನೇಮಿಸಿದರು. ಹಿರಿಯರು ಕಿರಿಯರಿಗೆ ಪಾಠ ಹೇಳತೊಡಗಿದರು. ಕೆಲವು ವರ್ಷಗಳಲ್ಲಿ ಷಿಕಾಗೋ ಮೂಲದ ಆರು ಮಂದಿ ವಿದ್ಯಾರ್ಥಿಗಳು ಸಂಘದ ಮುಂದಾಳುಗಳಾದರು. ಅವರಲ್ಲೊಬ್ಬನಾದ ಆಂಟನಿ ಹ್ಯಾರಿಸ್, ದೇಶದಲ್ಲಿ ಮಾನ್ಯತೆ ಪಡೆದ ಎಲ್ಲ ಇಂಜಿನಿಯರಿಂಗ್ ಶಾಲೆಗಳ ಮುಖ್ಯಸ್ಥರಿಗೂ ಕಾಗದ ಬರೆದನು. ನಿಮ್ಮಲ್ಲಿ ನಮ್ಮಂಥ ವಿದ್ಯಾರ್ಥಿಗಳು ಯಾರಿದ್ದಾರೆ, ಅವರಿಗಾಗಿ ಸಂಘವೇನಾದರೂ ಇದೆಯೇ ಎಂಬುದು ಪ್ರಶ್ನೆ. ಉತ್ತರಗಳು ಬಂದವು. 1975ರ ಏಪ್ರಿಲ್‌ನಲ್ಲಿ 32 ಶಾಲೆಗಳಿಂದ 48 ಮಂದಿ ವಿದ್ಯಾರ್ಥಿಗಳು ಈ ಕೆಂಪು ಕಟ್ಟಡಗಳ ಊರಿನಲ್ಲಿ ಸಭೆ ಸೇರಿದರು. ಅಮೆರಿಕಾದ ಕಪ್ಪು ಇಂಜಿನಿಯರುಗಳ ರಾಷ್ಟ್ರೀಯ ಸಂಘ ಹುಟ್ಟಿದುದು ಹೀಗೆ. ಇಂದು ಅದರ ಸದಸ್ಯರು ಇಪ್ಪತ್ತು ಸಾವಿರಕ್ಕೂ ಹೆಚ್ಚು.

ಸಂಸ್ಥೆಯೂ ಕೈಕಟ್ಟಿ ಕುಳಿತಿರಲಿಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ 1974ರಲ್ಲಿ ಇಂಜಿನಿಯರಿಂಗ್ ಶಾಲೆಯೇ ಒಂದು ಯೋಜನೆಯನ್ನು ಆರಂಭಿಸಿತು. ವಿದ್ಯಾರ್ಥಿಗಳ ಒತ್ತಾಯ, ಅಧ್ಯಾಪಕರ ಮನಸ್ಸು, ಆಡಳಿತದ ಹಣ, ಈ ಮೂರೂ ಕೂಡಿದಾಗಲೇ ಇಂಥ ಕಾರ್ಯ ನಿಲ್ಲುವುದು.

ಬದಲಾದ ಗಾಳಿ

ಇಂಜಿನಿಯರಿಂಗ್ ಆವರಣದ ಒಂದು ಬದಿಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಹೆಸರಿನ ಕಟ್ಟಡವಿದೆ. 2007ರಲ್ಲಿ ಉದ್ಘಾಟನೆಯಾದುದು. ಚಂದ್ರನ ಮೇಲೆ ಮೊದಲು ಕಾಲಿಟ್ಟ ಆ ಪುರುಷ 1955ರಲ್ಲಿ ಪದವಿ ಪಡೆದುದು ಇಲ್ಲಿಯೇ. ಕಟ್ಟಡದ ಮುಂದಣ ಪ್ರತಿಮೆ ಅಂತರಿಕ್ಷಯಾತ್ರಿಯದಲ್ಲ. ಕುಳಿತಿರುವ ಯುವ ವಿದ್ಯಾರ್ಥಿಯದು. ತರಗತಿಯ ಬಿಡುವಿನಲ್ಲಿ ನಾನಾ ದೇಶಗಳ ತರುಣ ತರುಣಿಯರು ಅದರ ಬಳಿಯಲ್ಲೇ ಹಾದುಹೋಗುತ್ತಾರೆ.

ಆದರೆ ಗಾಳಿ ಈಚೆಗೆ ಬೇರೆ ಕಡೆಗೆ ಬೀಸುತ್ತಿದೆ. ಜನಾಂಗವನ್ನು ಗಣಿಸಿ ಪ್ರವೇಶ ಕೊಡುವ ಪದ್ಧತಿ ಸಲ್ಲದೆಂದು ಅಮೆರಿಕಾದ ಸುಪ್ರೀಂ ಕೋರ್ಟು 2023ರ ಜೂನ್‌ನಲ್ಲಿ ತೀರ್ಪಿತ್ತಿತು. ಕೇಂದ್ರ ಮತ್ತು ಸಂಸ್ಥಾನ ಸರಕಾರಗಳ ಧೋರಣೆ ಬದಲಾಗಲು, ಪರ್ಡ್ಯೂ ವಿಶ್ವವಿದ್ಯಾನಿಲಯವು ವೈವಿಧ್ಯಕ್ಕೆ ಸಂಬಂಧಿಸಿದ ತನ್ನ ಕೇಂದ್ರ ಕಚೇರಿಯನ್ನು 2025ರಲ್ಲಿ ಮುಚ್ಚಿತು. ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು, ಗುಂಪು ನೋಡಿ ನೆರವು ಕೊಡಬಾರದು ಎನ್ನುವವರು ಅಲ್ಲಿ ಬಹಳ ಮಂದಿ ಇದ್ದಾರೆ. ಅಳೆಯುವ ಮೊದಲು ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತಿದ್ದರೇ ಎಂದು ಕೇಳುವವರೂ ಇದ್ದಾರೆ. ಈ ವಾದ ಮುಗಿದಿಲ್ಲ.

ಕಚೇರಿಗಳನ್ನು ತೆರೆಯುವವರು ಮುಚ್ಚಲೂ ಬಲ್ಲರು. ಐವರಲ್ಲಿ ನಾಲ್ವರು ಮನೆಗೆ ಮರಳುತ್ತಿದ್ದ ಕಾಲದಲ್ಲಿ ಮೊದಲು ನೆರವಿಗೆ ನಿಂತದ್ದು ಕಚೇರಿಯಲ್ಲ. ಲೆಕ್ಕ ಬಲ್ಲ ಹಿರಿಯ ವಿದ್ಯಾರ್ಥಿ ಮತ್ತು ಸಹಿ ಹಾಕಿದ ಒಬ್ಬ ಅಧ್ಯಾಪಕ. ಅದನ್ನು ಕಂಡ ಮೇಲೆಯೇ ಸಂಸ್ಥೆ ಅದಕ್ಕೊಂದು ಕೊಠಡಿಯನ್ನೂ ಸಂಬಳವನ್ನೂ ಕೊಟ್ಟಿದ್ದು.

ಸಂಜೆಯ ಹೊತ್ತಿಗೆ ಹೆವಿಲನ್ ಹಾಲಿನ ಹಳೆಯ ಗಂಟೆಗಳು ಹೊಸ ಗೋಪುರದಿಂದ ಬಾರಿಸುತ್ತವೆ. ಗ್ರಂಥಾಲಯದ ದೀಪಗಳು ಹತ್ತಿಕೊಳ್ಳುತ್ತವೆ. ಮೊದಲನೆಯ ವರ್ಷದ ಹುಡುಗ ಹುಡುಗಿಯರು ಪುಸ್ತಕಗಳನ್ನು ಹೊತ್ತು ಮೇಜುಗಳ ಕಡೆಗೆ ನಡೆಯುತ್ತಾರೆ. ಅವರಲ್ಲಿ ಎಷ್ಟು ಮಂದಿ ಕೂಡಿ ಕುಳಿತುಕೊಳ್ಳುತ್ತಾರೆ, ಎಷ್ಟು ಮಂದಿ ಒಂಟಿಯಾಗಿ ಕುಳಿತುಕೊಳ್ಳುತ್ತಾರೆ ಎಂಬುದನ್ನು ನೋಡಿದರೆ, ಮುಂದಿನ ವರ್ಷ ಯಾರು ಇಲ್ಲಿರುವರೆಂಬುದನ್ನು ಹೆಚ್ಚು ಕಡಿಮೆ ಊಹಿಸಬಹುದು.