ಬೋರ್ಡಿಂಗ್ ಪಾಸ್ ಸಿಕ್ತಾ?

ವಿದೇಶಕ್ಕೆ ಹೊರಟವರನ್ನು ಬೀಳ್ಕೊಡಲು ದೇವನಹಳ್ಳಿಯವರೆಗೂ ಬಂದ ಬಂಧುಗಳು, ಹೊರಟವರು ಒಳಗೆ ಹೋದ ಕೂಡಲೇ ಮನೆಯ ದಾರಿ ಹಿಡಿಯುವುದಿಲ್ಲ. ಬಾಗಿಲಲ್ಲಿ ಸಿಐಎಸ್‌ಎಫ್‌ನವರು ಪಾಸ್‌ಪೋರ್ಟು, ಟಿಕೆಟ್ಟು ನೋಡಿ ಬಿಟ್ಟಾಯಿತು, ಕೈಬೀಸಿದ್ದಾಯಿತು, ಕಣ್ಣು ಒರೆಸಿಕೊಂಡದ್ದೂ ಆಯಿತು. ಆದರೂ ಹೊರಗೇ ನಿಂತಿರುತ್ತಾರೆ. ಯುರೋಪಿಗೂ ಕೊಲ್ಲಿ ದೇಶಗಳಿಗೂ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುವುದರಿಂದ ಅದು ನಿದ್ದೆಯ ಹೊತ್ತು. ಮಕ್ಕಳು ಹೆಗಲ ಮೇಲೆ ತೂಕಡಿಸುತ್ತಿರುತ್ತವೆ. ದೊಡ್ಡವರು ಕಾಫಿ ಕುಡಿದು, ಗಾಜಿನಾಚೆ ಇಣುಕಿ, ಮತ್ತೆ ಮತ್ತೆ ಫೋನು ನೋಡಿಕೊಳ್ಳುತ್ತಾರೆ. ಕೊನೆಗೆ ಕರೆ ಬಂದಾಗ ಕೇಳುವುದು ಒಂದೇ ಮಾತು: "ಬೋರ್ಡಿಂಗ್ ಪಾಸ್ ಸಿಕ್ತಾ?" ಸಿಕ್ಕಿತು ಅಂದ ಮೇಲೆಯೇ ಕಾರು ಊರ ಕಡೆ ತಿರುಗುವುದು.

ಈ ಕಾಯುವಿಕೆಯ ಬಗ್ಗೆ ನನಗೆ ಬಹಳ ಗೌರವ. ವಿಮಾನಯಾನದ ಒಳಹೊರಗು ತಿಳಿಯದವರೂ ಒಂದು ನಿಜವನ್ನು ಸರಿಯಾಗಿ ಹಿಡಿದಿದ್ದಾರೆ. ಟಿಕೆಟ್ಟಿಗೆ ದುಡ್ಡು ಕಟ್ಟಿರಬಹುದು, ತಿಂಗಳುಗಟ್ಟಲೆ ಕಾದು ವೀಸಾ ಪಡೆದಿರಬಹುದು. ಹೋಗುವುದು ಖಾತ್ರಿಯಾಗುವುದು ಮಾತ್ರ ಚೆಕ್-ಇನ್ ಕೌಂಟರಿನಲ್ಲಿ. ಅಮೆರಿಕದ ಗಡಿ ಅಮೆರಿಕದಲ್ಲಿದೆ ಎಂದುಕೊಳ್ಳುತ್ತೇವೆ. ಬೆಂಗಳೂರಿನಿಂದ ಹೊರಡುವವರಿಗೆ ಆ ಗಡಿ ಶುರುವಾಗುವುದು ಇಲ್ಲೇ, ತೂಕದ ಯಂತ್ರದ ಪಕ್ಕದಲ್ಲಿ.

ಇದಕ್ಕೆ ಗಟ್ಟಿಯಾದ ಕಾರಣವಿದೆ. ಸರಿಯಾದ ಕಾಗದಪತ್ರವಿಲ್ಲದವರನ್ನು ಕರೆತಂದರೆ, ಅವರನ್ನು ವಾಪಸು ಒಯ್ಯುವ ಹೊಣೆ ವಿಮಾನ ಕಂಪನಿಯದೇ. 1944ರ ಷಿಕಾಗೊ ಒಪ್ಪಂದದ ಒಂಬತ್ತನೇ ಅನುಬಂಧದಲ್ಲಿ ಈ ಹೊಣೆಯನ್ನು ಬರೆದಿಟ್ಟಿದ್ದಾರೆ. ಎಷ್ಟೋ ದೇಶಗಳು ಇದರ ಮೇಲೆ ದಂಡವನ್ನೂ ಹಾಕುತ್ತವೆ. ಹಾಗಾಗಿ ಕೌಂಟರಿನಲ್ಲಿ ಕೂತವರು ಪಾಸ್‌ಪೋರ್ಟಿನ ಅವಧಿ ನೋಡುತ್ತಾರೆ, ವೀಸಾದ ಪುಟ ತಿರುವುತ್ತಾರೆ, ನಡುವೆ ಇಳಿಯುವ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂದು ಪರೀಕ್ಷಿಸುತ್ತಾರೆ. ಯಾವ ದೇಶ ಯಾರಿಂದ ಏನು ಕೇಳುತ್ತದೆ ಎಂಬುದು ವಿಮಾನ ಕಂಪನಿಗಳ ಒಕ್ಕೂಟವಾದ ಐಯಾಟಾದ 'ಟಿಮ್ಯಾಟಿಕ್' ಎಂಬ ಮಾಹಿತಿಕೋಶದಲ್ಲಿರುತ್ತದೆ. ಕೌಂಟರಿನವರು ಪರದೆ ನೋಡಿ ಒಂದು ಕ್ಷಣ ಹುಬ್ಬು ಗಂಟಿಕ್ಕಿದರೆ ಅವರು ಬಹುಶಃ ಅದನ್ನೇ ಓದುತ್ತಿರುತ್ತಾರೆ. ನಮ್ಮ ಎದೆ ಢವಢವ ಅನ್ನುವುದು ಆಗಲೇ.

ಮನೆಯಲ್ಲೇ ಫೋನಿನಲ್ಲಿ ವೆಬ್ ಚೆಕ್-ಇನ್ ಮಾಡಿಕೊಂಡವರನ್ನೂ ಕೆಲವೊಮ್ಮೆ ಬೋರ್ಡಿಂಗ್ ಪಾಸ್ ಕೊಡದೆ, ದಾಖಲೆ ಪರಿಶೀಲನೆಗೆ ಕೌಂಟರಿಗೆ ಬನ್ನಿ ಎಂದು ಕರೆಯುವುದು ಇದಕ್ಕೇ. ಸೀಟು ಆರಿಸಿಕೊಂಡಿದ್ದೇವೆ, ಎಲ್ಲ ಮುಗಿಯಿತು ಅಂದುಕೊಂಡವರಿಗೆ ಆ ಒಂದು ಸಾಲು ಗಾಬರಿ ಹುಟ್ಟಿಸುತ್ತದೆ. ಗಾಬರಿ ಬೇಡ. ಯಂತ್ರ ತಾನೊಂದೇ ಹೊರಲಾರದ ಹೊಣೆಯನ್ನು ಮನುಷ್ಯನ ಕೈಗೆ ದಾಟಿಸುತ್ತಿದೆ, ಅಷ್ಟೆ.

ಹೆಸರಿನ ವಿಷಯದಲ್ಲಂತೂ ಮನುಷ್ಯನ ಕಣ್ಣು ಬೇಕೇ ಬೇಕು. ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿವೆ, ಒಂದೊಂದರಲ್ಲೂ 44 ಅಕ್ಷರಗಳ ಜಾಗ. ಮೊದಲು ಮನೆತನದ ಹೆಸರು, ಆಮೇಲೆ ಇಟ್ಟ ಹೆಸರು. ಹಳೇ ಮೈಸೂರಿನ ಹಿರಿಯರಿಗೆ ಮನೆತನದ ಹೆಸರೆಲ್ಲಿದೆ? ಒಂದು ಇನಿಷಿಯಲ್ಲು ಊರಿನದು, ಇನ್ನೊಂದು ಅಪ್ಪನದು, ಉಳಿದದ್ದು ತನ್ನದು. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಆ ಮೊದಲ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರು ಮನೆತನದ ಜಾಗಕ್ಕೆ ಹೋಗಿ, ಇಟ್ಟ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಇಟ್ಟ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬಂದು ಕೂರುತ್ತದೆ. ಟಿಕೆಟ್ ಕಾಯ್ದಿರಿಸುವ ತಾಣಗಳು ಖಾಲಿ ಜಾಗವನ್ನು ಒಪ್ಪದೆ ಇದ್ದಾಗ ಮಕ್ಕಳು ಒಂದೇ ಹೆಸರನ್ನು ಎರಡು ಸಲ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ವೀಸಾದಲ್ಲಿ ಒಂದು ಬಗೆ, ಟಿಕೆಟ್ಟಿನಲ್ಲಿ ಮತ್ತೊಂದು ಬಗೆ. ಮೂರೂ ಒಬ್ಬರೇ ಎಂದು ಗುರುತಿಸಿ ತಲೆಯಾಡಿಸುವುದಕ್ಕೆ ನಮ್ಮ ಕಡೆಯ ಹೆಸರುಗಳ ರೀತಿ ಬಲ್ಲವರೇ ಬೇಕು. 2022ರ ನವೆಂಬರಿನಲ್ಲಿ ಯುಎಇ, ಒಂದೇ ಹೆಸರಿನ ಪಾಸ್‌ಪೋರ್ಟಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಾಗ ದುಬೈಗೆ ಹೊರಟಿದ್ದ ಎಷ್ಟೋ ತಂದೆತಾಯಂದಿರು ಕಂಗಾಲಾದರು. ಅಪ್ಪನ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಸಾಕು ಎಂದು ಆಮೇಲೆ ತಿಳಿಸಿದಾಗ ಜೀವ ಬಂದಂತಾಯಿತು.

ಒಂದು ರಾತ್ರಿ ಎರಡನೇ ಟರ್ಮಿನಲ್ಲಿನ ಬಿದಿರಿನ ಮಾಡಿನ ಕೆಳಗೆ, ಸಾಲಿನಲ್ಲಿ ನನ್ನ ಮುಂದಿದ್ದವರು ತಿಪಟೂರು ಕಡೆಯ ದಂಪತಿ. ಷಿಕಾಗೊದಲ್ಲಿರುವ ಮಗಳಿಗೆ ದಿನ ತುಂಬಿತ್ತು, ಬಾಣಂತನಕ್ಕೆ ಹೊರಟಿದ್ದರು. ಎರಡು ಪೆಟ್ಟಿಗೆ, ಒಂದೊಂದೂ 23 ಕಿಲೊ ಎಂಬ ಲೆಕ್ಕ ಅಮೆರಿಕಕ್ಕೆ ಹೋಗಿಬರುವ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಅವರೂ ಮನೆಯಲ್ಲೇ ತೂಗಿ, ಹಗ್ಗ ಬಿಗಿದು ತಂದಿದ್ದರು. ಕೌಂಟರಿನ ಹುಡುಗಿ ಕೇಳಿದಳು:

"ಅಮ್ಮಾ, ಲಗೇಜಲ್ಲಿ ಪವರ್ ಬ್ಯಾಂಕು, ಲೈಟರು, ಕೊಬ್ಬರಿ ಏನಾದ್ರೂ ಇದ್ಯಾ?"

"ಕೊಬ್ರಿ ಇಲ್ದೆ ಬಾಣಂತನ ಹೆಂಗಮ್ಮ ಮಾಡದು? ಅಂಟಿನುಂಡೆಗೆ ಅಂತ ಹತ್ತು ಗಿಟುಕು ಇಟ್ಕಂಡಿದೀನಿ."

"ಗಿಟುಕು ಬಿಡೋ ಹಾಗಿಲ್ಲಮ್ಮ. ಅದ್ರಲ್ಲಿ ಎಣ್ಣೆ ಜಾಸ್ತಿ ಇರತ್ತಲ್ವಾ, ತಾನಾಗೇ ಕಾವೇರಿ ಬೆಂಕಿ ಹತ್ತಬಹುದು ಅಂತ ವಿಮಾನಕ್ಕೆ ಹಾಕಲ್ಲ. ಹೊರಗೆ ನಿಮ್ಮೋರು ಯಾರಾದ್ರೂ ಇದಾರಾ?"

ಹುಡುಗಿ ಹೇಳಿದ್ದು ದಿಟ. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆಯೇ ಇದೆ. ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ 4.2 ಎಂಬ ವರ್ಗದಲ್ಲಿ ಅದನ್ನು ಸೇರಿಸಿದ್ದಾರೆ. ಆದರೆ ತೋಟ ಮಾಡಿ, ಅಟ್ಟದ ಮೇಲೆ ಕಾಯಿ ಒಣಗಿಸಿ, ಹುಟ್ಟಿದಾಗಿನಿಂದ ಕೊಬ್ಬರಿಯ ನಡುವೆಯೇ ಬೆಳೆದ ಹೆಂಗಸಿಗೆ ಇದನ್ನು ಹೇಳುವ ರೀತಿಯೊಂದಿದೆ. ಆ ಹುಡುಗಿ ನಿಯಮದ ಹಲಗೆಯತ್ತ ಬೆರಳು ತೋರಿಸಲಿಲ್ಲ. ಪೆಟ್ಟಿಗೆ ಬಿಚ್ಚಲು ತಾನೇ ಆಚೆ ಬಂದಳು. ಅಂಟು, ಉತ್ತುತ್ತೆ, ಬೆಲ್ಲದ ಪೊಟ್ಟಣಗಳನ್ನು ಹಾಗೇ ಬಿಟ್ಟು, ಸೀರೆಗಳ ನಡುವೆ ಸುತ್ತಿಟ್ಟಿದ್ದ ಗಿಟುಕುಗಳನ್ನು ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕಿದಳು. ಯಜಮಾನರು ಸಹಾಯಕನೊಬ್ಬನ ಜೊತೆ ಬಾಗಿಲವರೆಗೆ ಹೋಗಿ, ಕಾಯುತ್ತಿದ್ದ ಚಿಕ್ಕಮಗನ ಕೈಗೆ ಅದನ್ನು ಕೊಟ್ಟು ಬಂದರು. "ಅಲ್ಲಿ ಇಂಡಿಯನ್ ಅಂಗಡೀಲಿ ಸಿಗತ್ತಮ್ಮ, ಮಗಳಿಗೆ ಈಗಲೇ ಹೇಳ್ಬಿಡಿ" ಎಂದಳು ಹುಡುಗಿ. ಆಮೇಲೆ ಆ ತಾಯಿಯ ಎರಡು ಬೋರ್ಡಿಂಗ್ ಪಾಸುಗಳನ್ನು ಪಕ್ಕಪಕ್ಕ ಇಟ್ಟು, ಪೆನ್ನಿನಿಂದ ಹೊತ್ತನ್ನು ಸುತ್ತು ಹಾಕಿ ತೋರಿಸಿದಳು: "ಇದು ಇಲ್ಲಿಂದ ಫ್ರಾಂಕ್‌ಫರ್ಟ್‌ಗೆ. ಇದು ಅಲ್ಲಿಂದ ಷಿಕಾಗೊಗೆ. ಅಲ್ಲಿ ಗೇಟ್ ನಂಬರ್ ಬದಲಾಗಬಹುದು, ಬೋರ್ಡ್ ನೋಡ್ಕೊಳ್ಳಿ. ಪೆಟ್ಟಿಗೆ ಷಿಕಾಗೊದಲ್ಲೇ ನಿಮ್ಮ ಕೈಗೆ ಸಿಗೋದು." ಆ ತಾಯಿ ಎರಡನ್ನೂ ಪಾಸ್‌ಪೋರ್ಟಿನೊಳಗಿಟ್ಟು, ಪಾಸ್‌ಪೋರ್ಟನ್ನು ಸೊಂಟದ ಚೀಲಕ್ಕೆ ಸೇರಿಸಿ, ಚೀಲದ ಜಿಪ್ಪನ್ನು ಎರಡು ಸಲ ಎಳೆದು ನೋಡಿದರು. ಹುಡುಗಿ ಕೊಟ್ಟ ಧೈರ್ಯವೂ ಅದರೊಳಗೇ ಭದ್ರವಾಯಿತು.

ಅಂಗೈಯಗಲದ ಆ ಕಾಗದದಲ್ಲಿ ಇರುವುದೇನು? ಅದರ ಮೇಲಿನ ಬಾರ್‌ಕೋಡಿನಲ್ಲಿ ಪ್ರಯಾಣಿಕರ ಹೆಸರು, ಪಿಎನ್‌ಆರ್, ಎಲ್ಲಿಂದ ಎಲ್ಲಿಗೆ, ವಿಮಾನದ ಸಂಖ್ಯೆ, ಸೀಟು, ಎಷ್ಟನೆಯವರಾಗಿ ಚೆಕ್-ಇನ್ ಆದರು ಎಂಬುದೆಲ್ಲ ಅಡಗಿರುತ್ತದೆ. ದಿನಾಂಕವನ್ನೂ ವರ್ಷದ ಎಷ್ಟನೇ ದಿನ ಎಂಬ ಲೆಕ್ಕದಲ್ಲಿ ಬರೆದಿರುತ್ತಾರೆ. ಫೆಬ್ರವರಿ 1 ಅಂದರೆ 032. ಇಷ್ಟೆಲ್ಲ ಇರುವುದರಿಂದಲೇ ಬೋರ್ಡಿಂಗ್ ಪಾಸಿನ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕಬಾರದು. ಪಿಎನ್‌ಆರೂ ಹೆಸರೂ ಗೊತ್ತಾದರೆ ಎಷ್ಟೋ ಕಂಪನಿಗಳ ತಾಣದಲ್ಲಿ ಬೇರೆಯವರೂ ನಿಮ್ಮ ಪ್ರಯಾಣದ ವಿವರ ತೆರೆಯಬಲ್ಲರು.

ಕಾಗದದ ಟಿಕೆಟ್ಟುಗಳಿಗೆ ಐಯಾಟಾ ಮಂಗಳ ಹಾಡಿದ್ದು 2008ರ ಜೂನ್ 1ರಂದು. ಅದಕ್ಕೆ ಎಂಟು ದಿನ ಮುಂಚೆ, ಮೇ 24ಕ್ಕೆ, ದೇವನಹಳ್ಳಿಯ ನಿಲ್ದಾಣ ಬಾಗಿಲು ತೆರೆದು ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕರೆಲ್ಲ ಇತ್ತ ಬಂದರು. ಕಾಂತಪಟ್ಟಿಯ ಪಾಸುಗಳ ಜಾಗದಲ್ಲಿ ಎಲ್ಲೆಡೆ ಬಾರ್‌ಕೋಡ್ ಬರಬೇಕೆಂದು ಇಟ್ಟುಕೊಂಡ ಗಡುವು 2010ರ ಕೊನೆ. ಭಾರತೀಯರು ಹೊರಡುವಾಗ ತುಂಬಬೇಕಿದ್ದ ವಲಸೆ ಚೀಟಿ 2017ರ ಜುಲೈ 1ರಿಂದ ಹೋಯಿತು, ಓದುಬರಹ ಬಾರದವರು ಅಕ್ಕಪಕ್ಕದವರನ್ನು "ಸ್ವಲ್ಪ ಬರ್ಕೊಡ್ತೀರಾ?" ಎಂದು ಬೇಡುವುದು ಅಂದಿಗೆ ತಪ್ಪಿತು. ಇವೆಲ್ಲ ಒಳ್ಳೆಯ ಬದಲಾವಣೆಗಳು, ನಾನು ಮನಸಾರೆ ಮೆಚ್ಚಿದವು. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಮುದ್ರಿಸಿಕೊಡಲು ಕೆಲವು ಕಂಪನಿಗಳು ಹಣ ಕೇಳತೊಡಗಿದಾಗ ಅದು ಸಲ್ಲದು ಎಂದು 2022ರ ಜುಲೈಯಲ್ಲಿ ನಮ್ಮ ನಾಗರಿಕ ವಿಮಾನಯಾನ ಸಚಿವಾಲಯ ಹೇಳಿದ್ದು ಇನ್ನೂ ಒಳ್ಳೆಯದು.

ಯಾಕೆಂದರೆ ಎಲ್ಲರ ಪ್ರಯಾಣವೂ ಫೋನಿನೊಳಗೆ ಹಿಡಿಸುವುದಿಲ್ಲ. ಪರದೇಶದಲ್ಲಿ ಇಳಿದಾಗ ಸಿಮ್ ಕೆಲಸ ಮಾಡದೆ ಹೋಗಬಹುದು. ನಿಲ್ದಾಣದ ವೈಫೈ, ಒಟಿಪಿ ಬಾರದ ನಂಬರಿಗೆ ಒಟಿಪಿ ಕಳಿಸುತ್ತದೆ. ಬ್ಯಾಟರಿ ಮುಗಿದರೆ ಪಾಸೂ ಮುಗಿಯಿತು. ವಾಪಸು ಬರುವಾಗಂತೂ ಮಗನೋ ಮಗಳೋ ತಮ್ಮ ಫೋನಿನಲ್ಲಿ ಚೆಕ್-ಇನ್ ಮಾಡಿರುತ್ತಾರೆ. ಪಾಸು ಅವರ ಜೊತೆ ಹಿಂದೆಯೇ ಉಳಿಯುತ್ತದೆ, ಅಪ್ಪ ಅಮ್ಮ ಮಾತ್ರ ಮುಂದೆ ಹೋಗುತ್ತಾರೆ. ಎರಡೆರಡು ಪ್ರತಿ ಮುದ್ರಿಸಿ ಒಂದೊಂದನ್ನು ಇಬ್ಬರ ಕೈಗೂ ಕೊಟ್ಟು ಕಳಿಸುವ ಮಕ್ಕಳು ಬುದ್ಧಿವಂತರು. ಪೆಟ್ಟಿಗೆಗೆ ಕಟ್ಟುವ ಪಟ್ಟಿಯ ಚೂರು, ಹತ್ತು ಅಂಕಿಯದು, ಅದೂ ಜೊತೆಗಿರಬೇಕು. ಅಮೆರಿಕದಲ್ಲಿ ಮೊದಲು ಇಳಿದ ಊರಿನಿಂದ ಇನ್ನೊಂದು ಊರಿಗೆ ಹಾರುವವರಾದರೆ, ಸಾಮಾನ್ಯವಾಗಿ ಆ ಮೊದಲ ಊರಿನಲ್ಲೇ ಪೆಟ್ಟಿಗೆ ಎತ್ತಿಕೊಂಡು ಮತ್ತೆ ಕೊಡಬೇಕು. ಇದನ್ನು ಹೊರಡುವ ಮುಂಚೆಯೇ ಕನ್ನಡದಲ್ಲಿ ಚೀಟಿ ಬರೆದು ಕೊಡಬೇಕು.

ನಡೆಯಲು ಬಂದರೂ ಗಾಲಿಕುರ್ಚಿ ಕೇಳುತ್ತಾರೆಂದು ನಮ್ಮ ಹಿರಿಯರ ಮೇಲೆ ಒಂದು ದೂರಿದೆ. ನಾನು ಅವರ ಪರ. ಅವರು ಬಯಸುವುದು ಈ ಗೇಟಿನಿಂದ ಆ ಗೇಟಿಗೆ ಜೊತೆಗೆ ಬರುವ ಒಬ್ಬ ಮನುಷ್ಯನನ್ನು. ಕೇಳಲು ಗೊತ್ತಿರುವ ದಾರಿ ಅದೊಂದೇ. 'ಮೀಟ್ ಅಂಡ್ ಅಸಿಸ್ಟ್' ಎಂಬ ನೆರವು ಎಷ್ಟೋ ಕಂಪನಿಗಳಲ್ಲಿದೆ. ಟಿಕೆಟ್ ಕಾಯ್ದಿರಿಸುವಾಗ ಮಕ್ಕಳು ವಿಚಾರಿಸಿದರೆ ಗಾಲಿಕುರ್ಚಿ ನಿಜವಾಗಿ ಬೇಕಾದವರಿಗೆ ಉಳಿಯುತ್ತದೆ.

ಫೋನು ಬಲ್ಲವರು ಫೋನಿನಲ್ಲೇ ಚೆಕ್-ಇನ್ ಮಾಡಿಕೊಳ್ಳಲಿ. ಅದರಿಂದ ಕೌಂಟರಿನ ಸಾಲು ಕರಗುತ್ತದೆ. ಹಾಗೆ ಉಳಿದ ಹೊತ್ತನ್ನು ಕಂಪನಿಗಳು ಸಿಬ್ಬಂದಿಯನ್ನು ಕಡಿಮೆ ಮಾಡಲು ಬಳಸದೆ, ಮೊದಲ ಸಲ ಸಮುದ್ರ ದಾಟುವವರಿಗೆ ಕೊಡಬೇಕು. ಬೆಂಗಳೂರಿನಿಂದ ಹೊರಡುವ ಪ್ರತಿಯೊಂದು ಅಂತರರಾಷ್ಟ್ರೀಯ ವಿಮಾನಕ್ಕೂ ಕನ್ನಡ ಬಲ್ಲ ಒಬ್ಬರಾದರೂ ಕೌಂಟರಿನಲ್ಲಿರಬೇಕು. ಸಾಲಿನಲ್ಲಿ ನಿಂತ ನಮ್ಮದೂ ಒಂದು ಪಾಲಿದೆ. ಮುಂದೆ ಯಾರೋ ತಾಯಿ ಪೆಟ್ಟಿಗೆ ಬಿಚ್ಚಿ ಕೂತಿದ್ದರೆ ಗಡಿಯಾರ ನೋಡುವುದನ್ನು ಬಿಟ್ಟು, ಮುಚ್ಚಳ ಒತ್ತಿ ಹಿಡಿದು ಜಿಪ್ಪು ಎಳೆಯಲು ಕೈಗೂಡಿಸೋಣ. ವಿಮಾನ ಹೊರಡಲು ಇನ್ನೂ ಸಮಯವಿದೆ. ಮೂರು ಗಂಟೆ ಮೊದಲೇ ಬನ್ನಿ ಎನ್ನುವುದು ಇಂಥದಕ್ಕೂ ಸೇರಿಸಿಯೇ.