ಕೈಗೊಪ್ಪುವ ಕೋಲು

ಬಿನ್ನಿಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಯಂತ್ರವೆಂಬುದು ಅಪರಿಚಿತ ವಸ್ತುವಲ್ಲ. 1884ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯು ಮುಂದೆ ಬಿನ್ನಿ ಕಂಪೆನಿಯವರ ಕೈಸೇರಿತು. ಪೇಟೆಗೆ ಪೇಟೆಯೇ ಆ ಹೆಸರನ್ನು ಹೊತ್ತುಕೊಂಡಿತು. ಗಿರಣಿಯು ನಿಂತು ವರ್ಷಗಳೇ ಕಳೆದುವು. ಮಗ್ಗಗಳು ಸದ್ದು ಮಾಡುತ್ತಿದ್ದ ನೆಲದ ಮೇಲೆ ಈಗ ಬಹುಮಹಡಿಯ ಮನೆಗಳೆದ್ದಿವೆ. ಆದರೂ ಕೆಟ್ಟ ಪದಾರ್ಥವನ್ನು ಎಸೆಯುವುದಕ್ಕೆ ಮುಂಚೆ ಒಮ್ಮೆ ಬಿಚ್ಚಿ ನೋಡಬೇಕೆಂಬ ಅಭ್ಯಾಸವು ಇಲ್ಲಿನ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿದೆ. ಗಿರಣಿಯಲ್ಲಿ ಮಗ್ಗಗಳ ಫಿಟ್ಟರಾಗಿದ್ದ ನಮ್ಮಣ್ಣನ ಮನೆಯಲ್ಲಂತೂ ಅದು ಧರ್ಮವೆಂದೇ ಹೇಳಬೇಕು.

ಎರಡು ವರ್ಷಗಳ ಕೆಳಗೆ ಅಣ್ಣನಿಗೆ ಪಾರ್ಶ್ವವಾಯು ತಗುಲಿತು. ಮಾತು ಮರಳಿತು, ನಡಿಗೆ ಮರಳಿತು. ಎಡಗೈ ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಮುಂಗೈಯನ್ನು ಅತ್ತಿತ್ತ ಆಡಿಸಬಲ್ಲನು; ಬೆರಳುಗಳು ಮಾತ್ರ ಒಂದೊಂದಾಗಿ ಹೇಳಿದ ಮಾತನ್ನು ಕೇಳವು. ಕೈಯನ್ನು ಸುಮ್ಮನೆ ಬಿಡಕೂಡದೆಂದು ವೈದ್ಯರು ಹಿಸುಕುವುದಕ್ಕೆ ಒಂದು ರಬ್ಬರಿನ ಚೆಂಡನ್ನು ಕೊಟ್ಟರು. ಅಣ್ಣನು ಅದನ್ನು ಮೂರು ದಿನ ಹಿಸುಕಿ, ನಾಲ್ಕನೆಯ ದಿನ ಬೀದಿಯ ಹುಡುಗರಿಗೆ ದಾನಮಾಡಿಬಿಟ್ಟನು. ಆ ಚೆಂಡಿನಿಂದ ಆಗದ ಕೆಲಸವು ಮೊಮ್ಮಗಳ ಆಟದ ಪೆಟ್ಟಿಗೆಯಿಂದ ಆಯಿತು.

ಈ ಪೆಟ್ಟಿಗೆಯನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಹಿಂದೆ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೋ ಆಟದ ಬೀರುಗಳ ಮುಂಭಾಗವನ್ನಷ್ಟೇ ಕತ್ತರಿಸಿ ತೊಡೆಯ ಮೇಲಿಟ್ಟುಕೊಂಡಂತೆ ಅದು ಇರುತ್ತದೆ: ಎಡಗಡೆಗೆ ಒಂದು ಜಾಯ್‌ಸ್ಟಿಕ್ಕು, ಬಲಗಡೆಗೆ ಗುಂಡಿಗಳು. ಅಣ್ಣನ ಮಗನು ಪ್ಲೈವುಡ್ಡಿನಲ್ಲಿ ತಾನೇ ಅದನ್ನು ಮಾಡಿದ್ದನು. ಈಗಿನ ಆಟದ ಸಾಧನಗಳೆಲ್ಲವೂ ಹೆಬ್ಬೆರಳನ್ನೇ ನಂಬಿದವು. ಅಣ್ಣನ ಹೆಬ್ಬೆರಳಿಗೆ ಆ ಕೆಲಸ ಸಾಗದು. ಜಾಯ್‌ಸ್ಟಿಕ್ಕಾದರೋ ಇಡೀ ಕೈಯಿಂದ ಆಡಿಸತಕ್ಕದ್ದು. 1980ರಲ್ಲಿ ಜಪಾನಿನ ನಾಮ್ಕೋ ಕಂಪೆನಿಯು ತಂದ ಪ್ಯಾಕ್‌ಮನ್ ಎಂಬ ಆಟಕ್ಕೆ ಕೋಲೊಂದಿದ್ದರೆ ಸಾಕು, ಗುಂಡಿಯ ಗೊಡವೆಯಿಲ್ಲ. ಹಳದಿಯ ಬಾಯೊಂದು ಓಣಿ ಓಣಿ ಸುತ್ತಿ ಚುಕ್ಕಿಗಳನ್ನು ನುಂಗುತ್ತದೆ, ನಾಲ್ಕು ಭೂತಗಳು ಅದನ್ನು ಅಟ್ಟುತ್ತವೆ. ತಾತನೂ ಮೊಮ್ಮಗಳೂ ಸಂಜೆಗೆ ಒಂದು ಗಂಟೆ ಇದರಲ್ಲಿ ಮುಳುಗಿರುತ್ತಿದ್ದರು.

ಕಳೆದ ಶ್ರಾವಣದಲ್ಲಿ ಕೋಲು ಬಲಕ್ಕೆ ತಿರುಗುವುದನ್ನು ಬಿಟ್ಟಿತು. ಬಲವಾಗಿ ಒತ್ತಿದರೆ ಒಮ್ಮೆ ಕೇಳುವುದು, ಒಮ್ಮೆ ಕೇಳದು. ದೋಷವು ಕೋಲಿನದೋ ತನ್ನ ಕೈಯದೋ ಎಂಬ ಅನುಮಾನ ಅಣ್ಣನಿಗೆ ಹೊಕ್ಕಿತು. ಪೆಟ್ಟಿಗೆಯನ್ನು ಮಗುವಿನ ಕಡೆಗೆ ಸರಿಸಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟನು. ಹಾಗೆ ಒಂದು ವಾರ ಕಳೆಯಿತು. ಆ ಕೈ ಮಡಿಲಲ್ಲೇ ಉಳಿದುಬಿಟ್ಟೀತೆಂದು ಅತ್ತಿಗೆಯವರು ನನ್ನನ್ನು ಕರೆಸಿದರು.

ನಾನು ಪೆಟ್ಟಿಗೆಯನ್ನು ಮಗುಚಿ ತಳವನ್ನು ಬಿಚ್ಚಿದೆನು. ಅಣ್ಣನು ಕುರ್ಚಿಯಲ್ಲಿದ್ದುಕೊಂಡೇ, “ಕಣ್ಣಿಂದ ಆಮೇಲೆ ನೋಡುವೆಯಂತೆ, ಮೊದಲು ಕಿವಿಕೊಟ್ಟು ಕೇಳೋ. ಮಗ್ಗವಾದರೂ ಅಷ್ಟೆ, ಇದಾದರೂ ಅಷ್ಟೆ” ಎಂದನು. ಕೋಲನ್ನು ನಾಲ್ಕು ಕಡೆಗೂ ಬಾಗಿಸಿದೆನು. ಮೂರು ಕಡೆ ‘ಟಿಕ್’ ಎಂದಿತು; ಒಂದು ಕಡೆ ಮೌನ. “ಹಾಗಾದರೆ ನನ್ನ ಕೈಯದಲ್ಲ” ಎಂದು ಅಣ್ಣನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡನು. ರೋಗ ಅರ್ಧ ವಾಸಿಯಾದುದು ಅಲ್ಲಿಯೇ ಎಂದು ನನ್ನ ಎಣಿಕೆ.

ಇದರ ಒಳಗುಟ್ಟು ಬಹು ಸರಳವಾದುದು. ಕೋಲು ನಡುವೆ ಒಂದು ಕೀಲಿನ ಮೇಲೆ ನಿಂತಿದೆ; ಅದರ ಕೆಳತುದಿಯ ಸುತ್ತ ನಾಲ್ಕು ಮೈಕ್ರೋಸ್ವಿಚ್ಚುಗಳಿವೆ. ಮೇಲೆ ಬಾಗಿಸಿದ ದಿಕ್ಕಿಗೆ ಎದುರಾದ ಕಡೆಗೆ ಕೆಳತುದಿ ಸರಿಯುತ್ತದೆ. ಆದಕಾರಣ ಬಲದ ಆಜ್ಞೆಯನ್ನು ಕೊಡುವ ಸ್ವಿಚ್ಚು ಎಡಗಡೆ ಇರುತ್ತದೆ. ಮೂಲೆಗೆ ಬಾಗಿಸಿದರೆ ಎರಡು ಸ್ವಿಚ್ಚುಗಳು ಕೂಡಿ ಒತ್ತಲ್ಪಡುತ್ತವೆ. ಬಿಟ್ಟೊಡನೆ ಕೋಲನ್ನು ನಡುವಿಗೆ ತರುವುದು ಸ್ಪ್ರಿಂಗು. ಎಲ್ಲಕ್ಕೂ ಕೆಳಗೆ ಗೇಟೆಂಬ ಒಂದು ಕಟ್ಟು. ಕೋಲು ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಅದು ಗೊತ್ತುಮಾಡುತ್ತದೆ.

ಸ್ವಿಚ್ಚೊಂದನ್ನೇ ಬದಲಿಸಿದ್ದರೆ ಅಲ್ಪ ಖರ್ಚಿನಲ್ಲಿ ಮುಗಿಯುತ್ತಿತ್ತು. ಸದರ್ ಪತ್ರಪ್ಪ ರಸ್ತೆಯ ಒಂದು ಅಂಗಡಿಯಲ್ಲಿ ಅಂಥ ಸ್ವಿಚ್ಚು ಸಿಕ್ಕಿತು ಕೂಡ. ಆದರೆ ಕೋಲನ್ನು ಕೈಯಲ್ಲಿ ಹಿಡಿದು ನೋಡಿದಾಗ ಅದರ ಸ್ಪ್ರಿಂಗು ಎಷ್ಟು ಬಿಗಿಯೆಂಬುದು ನನಗೆ ತಿಳಿಯಿತು. ಇಷ್ಟು ದಿನ ಅಣ್ಣನು ಆಟವನ್ನಲ್ಲ, ಆ ಸ್ಪ್ರಿಂಗನ್ನು ಗೆಲ್ಲುತ್ತಿದ್ದನು. ಆದುದರಿಂದ ಕೋಲನ್ನೇ ಬದಲಿಸುವುದೆಂದು ನಿಶ್ಚಯವಾಯಿತು.

ಆಯ್ಕೆಯ ವಿಷಯದಲ್ಲಿ ಬಲ್ಲವರು ದೊಡ್ಡ ಜಗಳಗಳನ್ನಾಡುತ್ತಾರೆ. ಅಮೆರಿಕದ ಮಾದರಿಯವು ಗಟ್ಟಿಮುಟ್ಟಾದವು, ಬ್ಯಾಟಿನಂತಹ ಉದ್ದ ತಲೆಯವು, ಬಿಗಿಯಾದವು. ಕೊರಿಯದ ಕೋಲುಗಳಲ್ಲಿ ಸ್ಪ್ರಿಂಗಿನ ಬದಲು ರಬ್ಬರಿನ ಬಳೆಯಿರುತ್ತದೆ. ಜಪಾನಿನವರಲ್ಲಿ ಸೈಮಿತ್ಸು ಎಂಬವರದು ತುಸು ಬಿಗಿ. ಸಾನ್ವಾ ಎಂಬವರ ಜೆ.ಎಲ್.ಎಫ್. ಎಂಬುದು ಮೆತು. ಜಗಳ ಅವರಿಗಿರಲಿ, ನಮಗೆ ಬೇಕಾದುದು ಮೆತುವಾದುದು, ಜೆ.ಎಲ್.ಎಫ್. ತರಿಸಿದೆವು. ಉಳಿದುದು ತಲೆಯ ಪ್ರಶ್ನೆ. ಅದಕ್ಕೆ ಬರುವುದು 35 ಮಿಲಿಮೀಟರಿನ ಗುಂಡು. ಅಣ್ಣನು ಅಡಿಗೆಮನೆಯಿಂದ ಒಂದು ನಿಂಬೆಹಣ್ಣನ್ನೂ ಒಂದು ಸೌಟನ್ನೂ ತರಿಸಿ, ಎರಡನ್ನೂ ಎಡಗೈಯಲ್ಲಿ ಹಿಡಿದು ಪರೀಕ್ಷಿಸಿದನು. ನಿಂಬೆಹಣ್ಣು ಜಾರಿತು, ಸೌಟಿನ ಹಿಡಿ ಮುಷ್ಟಿಯಲ್ಲಿ ನಿಂತಿತು. ಬ್ಯಾಟಿನ ತಲೆಯನ್ನು ಬೇರೆಯಾಗಿ ಕೊಂಡೆವು. ಕೋಲಿನ ಅಡಿಯಲ್ಲಿರುವ ಸೀಳಿಗೆ ಸ್ಕ್ರೂಡ್ರೈವರನ್ನು ಕೊಟ್ಟು ಹಿಡಿದು ಮೇಲಿನ ಗುಂಡನ್ನು ತಿರುಗಿಸಿದರೆ ಅದು ಕಳಚಿ ಬರುತ್ತದೆ.

ಇನ್ನು ಗೇಟು. ಜೆ.ಎಲ್.ಎಫ್. ಚೌಕದ ಗೇಟಿನೊಡನೆ ಬರುತ್ತದೆ. ಕೋಲು ನಾಲ್ಕು ಮೂಲೆಗಳಿಗೂ ಹೋಗುತ್ತದೆ. 1991ರ ಸ್ಟ್ರೀಟ್ ಫೈಟರ್ ಎರಡನೆಯದರಂತಹ ಕಾಳಗದ ಆಟಗಳಿಗೆ ಮೂಲೆಗಳು ಬೇಕೇಬೇಕು. ಪ್ಯಾಕ್‌ಮನ್ನಿನ ಓಣಿಗಳಿಗೆ ಮೂಲೆಯಿಲ್ಲ. ಅಲ್ಲಿ ಕೈ ಸ್ವಲ್ಪ ಓರೆಯಾದರೆ ಎರಡು ಆಜ್ಞೆಗಳು ಒಟ್ಟಿಗೆ ಹೋಗಿ ತಿರುವು ತಪ್ಪುತ್ತದೆ, ಭೂತವು ಹಿಡಿಯುತ್ತದೆ. ನಡುಗುವ ಕೈಗೆ ಈ ಕಷ್ಟ ಇಮ್ಮಡಿ. ನಾಲ್ಕೇ ದಿಕ್ಕಿಗೆ ಬಿಡುವ ಗೇಟನ್ನು ಹಾಕಿಕೊಟ್ಟುದರಿಂದ ಅಣ್ಣನಿಗಾದ ಉಪಕಾರ ಮೆತುವಾದ ಸ್ಪ್ರಿಂಗಿನಿಂದಲೂ ಆಗಲಿಲ್ಲವೆಂದು ತೋರುತ್ತದೆ.

ಕೂರಿಸುವ ಕೆಲಸದಲ್ಲಿ ಕೈ ನನ್ನದು, ವಿದ್ಯೆ ಅಣ್ಣನದು. ಹೊಸ ಕೋಲಿನ ತಗಡಿನ ತೂತುಗಳು ಹಳೆಯ ತೂತುಗಳಿಗೆ ಸೇರಲಿಲ್ಲ. ಹಳೆಯ ತೂತಿನ ಮಗ್ಗುಲಲ್ಲೇ ಕೊರೆದರೆ ಪ್ಲೈವುಡ್ಡು ಸೀಳುತ್ತದೆಂದು ಅವನು ತಗಡನ್ನು ಅಡ್ಡಡ್ಡಲಾಗಿ ತಿರುಗಿಸಿ ಇಡಿಸಿದನು. ತಗಡು ಹಾಗೆ ತಿರುಗಿದ ಮೇಲೆ ದಿಕ್ಕುಗಳೂ ತಿರುಗಿದುವಷ್ಟೆ. ತಂತಿಗಳು ಐದು—ದಿಕ್ಕಿಗೊಂದರಂತೆ ನಾಲ್ಕು, ಎಲ್ಲಕ್ಕೂ ಸೇರಿ ಒಂದು. ಆ ನಾಲ್ಕನ್ನು ಹೊಸ ದಿಕ್ಕಿಗೆ ಸರಿಯಾಗಿ ಸ್ಥಳ ಬದಲಿಸಿ ಜೋಡಿಸಬೇಕು. ಯಾವುದು ಎಲ್ಲಿಗೆಂಬುದನ್ನು ಅಣ್ಣನು ಕಾಗದವಿಲ್ಲದೆ ಹೇಳಿದನು; ಹೇಳಿದುದೆಲ್ಲವೂ ಸರಿಯಾಗಿತ್ತು.

ಈಗ ಸಂಜೆಯ ಆಟ ಮತ್ತೆ ನಡೆದಿದೆ. ಮೊಮ್ಮಗಳಿಗೆ ಬ್ಯಾಟಿನ ತಲೆ ಹಿಡಿಸದು. ಅವಳ ಸರದಿ ಬಂದಾಗ ಕೆಂಪು ಗುಂಡನ್ನು ತಿರುಗಿಸಿ ಹಾಕಬೇಕೆಂದು ಹಟ. “ಚಿಕ್ಕತಾತ, ನೀವೇ ಹಾಕಿ” ಎಂದು ನನಗೂ ಒಂದು ಉದ್ಯೋಗ ಕಲ್ಪಿಸಿದ್ದಾಳೆ. ಹಳೆಯ ಕೋಲಿಗೆ ಸದರ್ ಪತ್ರಪ್ಪ ರಸ್ತೆಯ ಆ ಸ್ವಿಚ್ಚನ್ನು ಹಾಕಿಸಿ, ಅಣ್ಣನು ಅದನ್ನು ಗಿರಣಿಯ ಕಾಲದ ತನ್ನ ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಕೈಗೆ ಇನ್ನಷ್ಟು ಬಲ ಬಂದಮೇಲೆ ಆ ಬಿಗಿಯಾದುದನ್ನೇ ಮತ್ತೆ ಕೂರಿಸಬೇಕಂತೆ.