ಚಿಕ್ಕಪ್ಪನ ಹಿಂದಿನ ಆಕ್ಸೆಲ್ಲು

ಆಯುಧಪೂಜೆಯ ದಿನ ಜೀಪಿನ ಮೂತಿಗೆ ಚೆಂಡುಹೂವಿನ ಹಾರ ಬೀಳುತ್ತದೆ. ಬಾನೆಟ್ಟಿಗೆ ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು, ಸ್ಟಿಯರಿಂಗಿಗೂ ಒಂದು ಮೊಳ ಸೇವಂತಿಗೆ. ಹಿಂದಿನ ಆಕ್ಸೆಲ್ಲಿಗೆ ಮಾತ್ರ ಏನೂ ಇಲ್ಲ. ವರ್ಷವಿಡೀ ಕೆಸರು, ಸಗಣಿ, ತನ್ನದೇ ಆಯಿಲು ಮೆತ್ತಿಕೊಂಡು ಮೇಲಿನವರನ್ನೆಲ್ಲ ಹೊರುವ ಅದನ್ನು ಬಗ್ಗಿ ನೋಡುವವರು ಇಬ್ಬರೇ: ಮೇಸ್ತ್ರಿ ಮತ್ತು ನಾಯಿ. ನಾಯಿಗೆ ಅಲ್ಲಿ ನೆರಳು ಸಿಗುತ್ತದೆ, ಮೇಸ್ತ್ರಿಗೆ ಸಂಪಾದನೆ.

ಹೊಸನಗರ ಸೀಮೆಯ ನಮ್ಮ ಚಿಕ್ಕಪ್ಪನದು ಮಹೀಂದ್ರ ಎಂಎಂ 540. ಪ್ಯೂಜೋ ಡೀಸೆಲ್ ಎಂಜಿನ್ನು, 2112 ಸಿಸಿ. ಮೂಲ ಹುಡುಕಿದರೆ ಇದರ ವಂಶ 1941ರ ಅಮೆರಿಕಕ್ಕೆ ಹೋಗುತ್ತದೆ. ಯುದ್ಧಕ್ಕೆಂದು ವಿಲ್ಲಿಸ್ ಕಂಪನಿ ಕಟ್ಟಿದ ಗಾಡಿಯನ್ನು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಹಿಟ್ಲರನ ಮೇಲೆ ಹೋಗಲು ಹುಟ್ಟಿದ ಗಾಡಿಯ ಮೊಮ್ಮಗ ನಮ್ಮೂರಿಗೆ ಬಂದು ಅಡಕೆ ಮೂಟೆ ಹೊತ್ತ, ಯಕ್ಷಗಾನದ ಪೆಟ್ಟಿಗೆ ಹೊತ್ತ, ಮತಪೆಟ್ಟಿಗೆ ಹೊತ್ತ, ನಡುರಾತ್ರಿ ಬಸುರಿಯರನ್ನು ಹೊತ್ತ. ಒಬ್ಬ ಹುಡುಗನಂತೂ ಆಸ್ಪತ್ರೆಯವರೆಗೆ ಕಾಯದೆ ಹಿಂದಿನ ಸೀಟಿನಲ್ಲೇ ಹುಟ್ಟಿದ. ಈಗ ಅವನು ಸಾಫ್ಟ್‌ವೇರ್ ಎಂಜಿನಿಯರ್. ಊರಿಗೆ ಬಂದಾಗ ಜೀಪನ್ನು ನೋಡಿ ಸುಮ್ಮನೆ ನಗುತ್ತಾನೆ.

ಇಷ್ಟೆಲ್ಲ ಹೊತ್ತ ಮೇಲೆ ಹಿಂದಿನ ಆಕ್ಸೆಲ್ಲು ಬಿರುಕು ಬಿಡದಿರುತ್ತದೆಯೇ? ಅದರ ಕವಚವಾದ ಹೌಸಿಂಗಿನ ನಡುವೆ ಹಲ್ಲುಗಾಲಿಗಳು ಕೂರುವ ಎರಕದ ಹೊಟ್ಟೆಯೊಂದಿದೆ. ಅದರ ಎರಡೂ ಕಡೆಗೆ ಉಕ್ಕಿನ ಕೊಳವೆಗಳನ್ನು ಒತ್ತಿ ಕೂರಿಸಿರುತ್ತಾರೆ. ಎಡಗಡೆಯ ಕೊಳವೆ ಹೊಟ್ಟೆಗೆ ಸೇರುವಲ್ಲಿ ಕೂದಲೆಳೆಯಷ್ಟು ಗೆರೆ ಬಿದ್ದು ಆಯಿಲು ಜಿನುಗತೊಡಗಿತು. ಚಿಕ್ಕಪ್ಪ ಅದಕ್ಕೆ ಬಟ್ಟೆ ಸೋಪಿನ ಬಾರನ್ನು ತಿಕ್ಕಿ ತಿಕ್ಕಿ ತುಂಬಿದ. ಡೀಸೆಲ್ ಟ್ಯಾಂಕಿಗೆ ನಡೆಯುವ ಈ ಔಷಧ ಆಕ್ಸೆಲ್ಲಿಗೂ ಕೆಲಕಾಲ ನಡೆಯಿತು. ಆರಿದ್ರಾ ಮಳೆ ಹಿಡಿದ ಮೇಲೆ ಮಾತ್ರ ಜೀಪು ಹೋದ ದಾರಿಯುದ್ದಕ್ಕೂ ಬಿಳಿ ನೊರೆ. ಹಿಂದಿನಿಂದ ನೋಡಿದರೆ ಚಕ್ರಗಳ ಮೇಲ್ತುದಿಗಳು ಒಳಕ್ಕೆ ವಾಲಿದ್ದವು, ಒಂದನ್ನೊಂದು ಏನೋ ಕೇಳುತ್ತಿರುವ ಹಾಗೆ.

ಮೇಸ್ತ್ರಿ ಬಂದ, ಅಂಗಾತ ಮಲಗಿ ಒಳಕ್ಕೆ ಸರಿದ, ಬೆರಳಿಗೆ ಹತ್ತಿದ್ದನ್ನು ಮೂಸಿದ.

“ಗೌಡ್ರೆ, ಇದಕ್ಕೆ ಆಯಿಲ್ ಬದ್ಲು ಸೋಪ್ ಹಾಕಿದ್ದು ಯಾರು?”

“ಬೆಸುಗೆ ಹಾಕಿದ್ರೆ ಆಗೋದಿಲ್ವನ?”

“ಎರಕಕ್ಕೂ ಉಕ್ಕಿಗೂ ಬೆಸುಗೆ ಹಾಕ್ಬೌದು. ನಂಬಕ್ಕಾಗಲ್ಲ. ಕೊಳವೆನೂ ಬಗ್ಗಿದೆ. ಬೇರೆ ಹೌಸಿಂಗೇ ನೋಡ್ಬೇಕು.”

ನೋಡುವುದು ಎಂದರೆ ಹೆಣ್ಣು ನೋಡಿದ ಹಾಗೆಯೇ. ಮನೆತನ ಸರಿಯಿದ್ದರೆ ಸಾಲದು, ಜಾತಕ ಕೂಡಬೇಕು. ನಮ್ಮ ಜೀಪಿನಲ್ಲಿ ಫೋರ್‌ವೀಲ್ ಬಾಕ್ಸಿನಿಂದ ಹಿಂದಕ್ಕೆ ಬರುವ ಶಾಫ್ಟು ಬಲಕ್ಕೆ ಸರಿದಿದೆ. ಆದ್ದರಿಂದ ಆಕ್ಸೆಲ್ಲಿನ ಹೊಟ್ಟೆಯೂ ಬಲಕ್ಕೇ ಇರಬೇಕು, ನಟ್ಟನಡುವೆ ಹೊಟ್ಟೆಯಿರುವ ಸಂಬಂಧಗಳು ಆಗುವುದಿಲ್ಲ. ಇನ್ನು ಹಲ್ಲಿನ ಲೆಕ್ಕ. ಹೊಟ್ಟೆಯೊಳಗಿನ ದೊಡ್ಡ ಹಲ್ಲುಗಾಲಿ ಕ್ರೌನಿಗೆ 43 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ನಿಗೆ 8. ಶಾಫ್ಟು ಐದು ಚಿಲ್ಲರೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಮುಂದಿನ ಆಕ್ಸೆಲ್ಲಿನಲ್ಲೂ ಇದೇ ಲೆಕ್ಕ. ಹಿಂದಿನದು ಬೇರೆಯಾದರೆ ಫೋರ್‌ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು. ಕೆಸರಿನಲ್ಲಾದರೆ ಟಯರು ಜಾರಿ ಹೇಗೋ ಸುಧಾರಿಸಿಕೊಳ್ಳುತ್ತವೆ. ಗಟ್ಟಿ ನೆಲದ ಮೇಲೆ ಆ ಜಗಳವೆಲ್ಲ ಬಾಕ್ಸಿನ ತಲೆಗೆ ಕಟ್ಟಿ, ಏನಾದರೊಂದು ಮುರಿಯುತ್ತದೆ.

ಶಿವಮೊಗ್ಗದ ಗುಜರಿಯಲ್ಲಿ ಆಕ್ಸೆಲ್ಲುಗಳು ಸೌದೆಯಂತೆ ಒಟ್ಟಿದ್ದವು. ಹೊಟ್ಟೆ ಬಲಕ್ಕಿದ್ದವನ್ನು ಹೆಕ್ಕಿ ಹೊರಗೆಳೆಸಿ ಮೇಸ್ತ್ರಿ ಪರೀಕ್ಷೆಗೆ ಕೂತ. ಹಲ್ಲೆಣಿಸಲು ಮುಚ್ಚಳ ಬಿಚ್ಚಬೇಕಿಲ್ಲ. ಪಿನಿಯನ್ನಿನ ಬಾಯಿಗೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಬದಿಯ ಡ್ರಮ್ಮನ್ನು ನನ್ನ ಕೈಗೆ ಕೊಟ್ಟು, “ಅಲುಗಾಡಿಸ್ಬೇಡಿ” ಎಂದ. ಇನ್ನೊಂದು ಬದಿಯನ್ನು ತಾನು ಸರಿಯಾಗಿ ಎರಡು ಸುತ್ತು ತಿರುಗಿಸಿದ. ಒಂದು ಕಡೆ ಹಿಡಿದಿಟ್ಟರೆ ಇನ್ನೊಂದು ಕಡೆಯ ಎರಡು ಸುತ್ತಿಗೆ ಒಳಗಿನ ಕ್ರೌನು ಒಂದೇ ಸುತ್ತು ಸುತ್ತುವುದಂತೆ. ಅಷ್ಟರಲ್ಲಿ ಸುಣ್ಣದ ಗೆರೆ ಎಷ್ಟು ಸಲ ಮೇಲೆ ಬಂತೋ ಅದೇ ಜಾತಕ.

ಬಣ್ಣ ಹೊಡೆದು ಜೋಪಾನ ಮಾಡಿದ್ದ ಆಕ್ಸೆಲ್ಲೊಂದು ನಾಲ್ಕೂಕಾಲಿಗೆ ನಿಂತಿತು. ಮೇಸ್ತ್ರಿಯ ಕಣ್ಣು ಅರಳಿತು. “ಇದೇ ಹಾಕೋಣ ಗೌಡ್ರೆ. ಮುಂದಿಂದೂ ಇದೇ ರೇಷ್ಯೋಗೆ ಬದಲಾಯ್ಸಣ. ಹೈವೇನಲ್ಲಿ ಎಂಜಿನ್ ಅರಚಲ್ಲ, ಡೀಸೆಲ್ ಉಳಿಯುತ್ತೆ. ಈಗ ನಿಮ್ಮೂರಲ್ಲಿ ಮನೆಬಾಗಿಲಿಗೆ ಕಾಂಕ್ರೀಟ್ ಬಂದಿದೆಯಲ್ಲ!”

ಮಾತು ನಿಜ. ಸ್ಕೂಲ್ ಬಸ್ಸು ನಮ್ಮ ಅಂಗಳದ ಬುಡಕ್ಕೇ ಬರುತ್ತದೆ. ಅಡಕೆಗೆ ಪಿಕಪ್ಪು, ಬಸುರಿಯರಿಗೆ 108. ಲೋ ಗೇರು ಹಾಕಿ ಗುಡ್ಡಕ್ಕೆ ತೆವಳುವ ಪ್ರಮೇಯವೇ ಇಲ್ಲ. ಅಂಥ ಪ್ರಮೇಯ ಬರುವುದು ಕೊಡಚಾದ್ರಿಗೆ ಜನ ಹೊತ್ತೊಯ್ಯುವ ಜೀಪುಗಳಿಗೆ. ಅದೂ ಈಗ ರೀಲ್ಸ್ ಮಾಡುವವರಿಗಾಗಿ.

“ಮೇಲಿನಮನೆ ಏರಿಗೆ ಏನು ಮಾಡ್ತೀಯ?” ಎಂದ ಚಿಕ್ಕಪ್ಪ.

ಮೇಸ್ತ್ರಿ ನನ್ನ ಮುಖ ನೋಡಿದ. ಮೇಲಿನಮನೆ ನಮ್ಮ ದೊಡ್ಡಪ್ಪನದು. ದೊಡ್ಡಪ್ಪ ಹೋಗಿ, ದೊಡ್ಡಮ್ಮ ಮಗನ ಜೊತೆ ಬೆಂಗಳೂರು ಸೇರಿ, ಬಾಗಿಲಿಗೆ ಬೀಗ ಬಿದ್ದು ಕಾಲವಾಯಿತು. ಊರಲ್ಲಿ ಮಣ್ಣಿನದಾಗಿ ಉಳಿದಿರುವುದು ಆ ಏರು ಒಂದೇ. ಅಲ್ಲಿ ಓಟೂ ಇಲ್ಲ, ಕಾಂಕ್ರೀಟೂ ಇಲ್ಲ. ಆದರೆ ಬುಧವಾರದ ಸಂತೆ ಮುಗಿಸಿ ಅಣ್ಣನ ಮನೆಯ ಅಕ್ಕಿ, ಹಿಂಡಿ, ಸೀಮೆಎಣ್ಣೆ ಹೇರಿಕೊಂಡು, ಕತ್ತಲಲ್ಲಿ ಚಿಕ್ಕಪ್ಪ ಹತ್ತುತ್ತಿದ್ದುದು ಆ ಏರನ್ನೇ. ಹಿಂದಿನ ಸೀಟಿನಲ್ಲಿ ಕಬ್ಬಿಣದ ಸರಳು ಹಿಡಿದು ಕೂತ ನಮಗೆ, ಐದು ಚಿಲ್ಲರೆ ಸುತ್ತಿಗೊಮ್ಮೆ ತಿರುಗುವ ಚಕ್ರವೇ ಲೋಕದ ಸಹಜವಾದ ವೇಗ. ಆಚೆಗುಡ್ಡದವರೆಗೂ ಕೇಳುವ ಆ ಎಂಜಿನ್ನಿನ ಗುರುಗುಟ್ಟಿಗೆ ದೊಡ್ಡಮ್ಮ ಮೇಲೆ ಒಲೆಗೆ ಕಾಫಿ ಇಡುತ್ತಿದ್ದಳು. ಜೀಪು ಅಂಗಳ ಮುಟ್ಟುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಯಾಗುತ್ತಿತ್ತು. ನಾಲ್ಕೂಕಾಲಿನ ಆಕ್ಸೆಲ್ಲು ಹಾಕಿದ್ದರೆ ನಾವು ಕಾಫಿಗೆ ಕಾಯಬೇಕಿತ್ತು.

ಹಾಗಾಗಿ ರಾಶಿಯ ಅಡಿಯಲ್ಲಿದ್ದ, ತುಕ್ಕು ಹಿಡಿದ, ಐದು ಸುತ್ತು ಮುಗಿಸಿ ಮತ್ತೂ ಮೂರನೇ ಒಂದು ಪಾಲಿಗಿಂತ ತುಸು ಮುಂದೆ ಹೋದ ಆಕ್ಸೆಲ್ಲೇ ನಿಶ್ಚಯವಾಯಿತು. ಅದಕ್ಕಿದ್ದ ಐಬು ಒಂದೇ: ಹಿಂದಿನ ಯಜಮಾನ ಯಾವುದೋ ಬೇರೆ ಸ್ಪ್ರಿಂಗಿಗಾಗಿ, ಅದು ಕೂರುವ ಸೀಟುಗಳನ್ನು ಹೊರಕ್ಕೆ ಸರಿಸಿದ್ದ. ಅವನ್ನು ಕತ್ತರಿಸಿ ತೆಗೆದು ನಮ್ಮ ಅಳತೆಗೆ ಹೊಸ ಸೀಟು ಬೆಸೆಯಬೇಕು.

ಬೆಸುಗೆಯ ಕೆಲಸ ಇಷ್ಟು ಮಡಿವಂತಿಕೆಯದೆಂದು ನನಗೆ ಗೊತ್ತಿರಲಿಲ್ಲ. ನೋಡುವವರಿಗೆ ಅದು ಬರೀ ಕಿಡಿ. ಪೇಟೆಯಿಂದ ಬಂದ ವೆಲ್ಡರು ಗೇಟು ಕಿಟಕಿಗೆ ಬಳಸುವ ರಾಡನ್ನು ಮುಟ್ಟಲಿಲ್ಲ. 7018 ನಂಬರಿನ ರಾಡಿನ ಪೊಟ್ಟಣ ತಂದಿದ್ದ. ಅದಕ್ಕೆ ಥಂಡಿ ಆಗುವುದಿಲ್ಲ. ತೇವ ಹೀರಿದ ರಾಡಿನಿಂದ ಹೈಡ್ರೋಜನ್ ಬೆಸುಗೆಯೊಳಗೆ ಸೇರಿ, ಮೇಲೆ ಚೆಂದ ಕಂಡರೂ ಒಳಗೆ ಸೀಳು ಬಿಡುತ್ತದೆ. ಮಲೆನಾಡಿನ ಆಷಾಢದಲ್ಲಿ ಒಣಗಿದ್ದು ಎಲ್ಲಿ ಸಿಕ್ಕೀತು? ಪೊಟ್ಟಣ ಒಡೆದ ಕೂಡಲೇ ಚಿಕ್ಕಮ್ಮ ರಾಡುಗಳನ್ನು ಹಪ್ಪಳ ಕಾಯಿಸುವ ಶ್ರದ್ಧೆಯಲ್ಲಿ ಒಲೆಯ ದಂಡೆಗೆ ಜೋಡಿಸಿದಳು.

ಮೊದಲು ಅಲ್ಲಲ್ಲಿ ಚುಕ್ಕಿ ಬೆಸುಗೆ. ಆಕ್ಸೆಲ್ಲನ್ನು ಜೀಪಿನಡಿಗೆ ತಳ್ಳಿ, ಯು ಬೋಲ್ಟು ಹಾಕಿ, ಜೀಪಿನ ಭಾರ ಪೂರ್ತಿ ಸ್ಪ್ರಿಂಗಿನ ಮೇಲೆ ಇಳಿಸಿ ನೋಡುವುದು. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸು ಎಂಬ ಕೀಲುಗಳಿವೆ. ಬಾಕ್ಸಿನ ಬಾಯಿ ಎಷ್ಟು ಓರೆಯೋ ಪಿನಿಯನ್ನಿನ ಬಾಯಿಯೂ ಅಷ್ಟೇ ಓರೆಯಾಗಿ, ಒಂದಕ್ಕೊಂದು ಸಮಾನಾಂತರ ಇದ್ದರೆ ಒಂದು ಕ್ರಾಸಿನ ಕುಂಟು ಇನ್ನೊಂದರಲ್ಲಿ ಅಳಿಸಿಹೋಗುತ್ತದೆ. ಇಲ್ಲದಿದ್ದರೆ ಗಾಡಿ ಓಡಿದಷ್ಟೂ ಅದುರು. ನಾನು ಮೊಬೈಲಿನಲ್ಲಿ ಕೋನ ಅಳೆಯುವ ಆ್ಯಪ್ ತೆರೆಯುವಷ್ಟರಲ್ಲಿ ಮೇಸ್ತ್ರಿ ಗಾರೆಯವರ ರಸಮಟ್ಟ ಇಟ್ಟು, ಅದರ ಒಂದು ತುದಿಗೆ ಬೀಡಿಕಟ್ಟು ಒತ್ತುಕೊಟ್ಟು, ಗುಳ್ಳೆ ನೋಡಿ, ಅದೇ ಬೀಡಿಕಟ್ಟನ್ನು ಇನ್ನೊಂದು ಕಡೆಗೂ ಇಟ್ಟು ಗುಳ್ಳೆ ನೋಡಿ ಮುಗಿಸಿದ್ದ. ನನ್ನ ಮೊಬೈಲು ಅವನ ಮಾತನ್ನು ಅನುಮೋದಿಸಿತು.

ಮತ್ತೆ ಹೊರಗೆಳೆದು ಪೂರ್ತಿ ಬೆಸುಗೆ. ಅರ್ಥ್ ಕ್ಲಾಂಪನ್ನು ಕೊಳವೆಗೇ, ಬೆಸುಗೆಯ ಪಕ್ಕಕ್ಕೇ ಕಚ್ಚಿಸಿದರು. ಕರೆಂಟು ಬೇರಿಂಗಿನ ದಾರಿ ಹಿಡಿದರೆ ಅದರ ಕತೆ ಮುಗಿದಂತೆ. ಒಂದು ಕಡೆ ಬೆರಳುದ್ದ ಬೆಸೆದು ಬಿಟ್ಟು, ಅದಕ್ಕೆದುರು ಇನ್ನೊಂದು ಕಡೆ ಬೆರಳುದ್ದ. ಒಂದೇ ಸಮ ಎಳೆದರೆ ಕೊಳವೆ ಬಿಸಿಗೆ ಬಾಗುತ್ತದೆ. ಚಿಕ್ಕಪ್ಪ ಒಂದು ಚೊಂಬು ನೀರು ಹಿಡಿದು ಬಂದಾಗ ವೆಲ್ಡರು, “ತಣ್ಣಗೆ ಮಾಡ್ಬೇಡಿ, ತಣ್ಣಗಾಗ್ಲಿ” ಎಂದು ಗದರಿದ. ಆ ನೀರನ್ನು ಚಿಕ್ಕಪ್ಪನೇ ಕುಡಿದ. ನಡುವೆ ಕರೆಂಟು ಹೋಯಿತು, ಬಂತು, ಒಂದೇ ಫೇಸಾಗಿ ಬಂತು, ಮತ್ತೆ ಹೋಯಿತು. ಕಪ್ಪು ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸಿದಾಗ ಒಳಗೆ ಬೆಸುಗೆ ಮೀನಿನ ಹುರುಪೆಯಂತೆ ಸಾಲು ಸಾಲಾಗಿ ಹೊಳೆಯಿತು.

ಹೌಸಿಂಗಿಗೆ ತುಂಬಲು ನೈಂಟಿ ಆಯಿಲು ಬೇಕೆಂದಾಗ ಮೇಸ್ತ್ರಿ ತನಗೂ ಒಂದು ನೈಂಟಿ ಹೇಳಿದ. ಎರಡೂ ಒಂದೇ ಚೀಲದಲ್ಲಿ ಬಂದವು.

ಟ್ರಯಲ್ಲಿಗೆ ಚಿಕ್ಕಪ್ಪ ಕಾಂಕ್ರೀಟಿನ ಕಡೆ ತಿರುಗಿಸಲೂ ಇಲ್ಲ. ಲೋ ಹಾಕಿ ನೇರ ಮೇಲಿನಮನೆ ಏರಿಗೆ ಬಿಟ್ಟ. ಲಂಟಾನ ಎರಡೂ ಕಡೆಯಿಂದ ಬಡಿಯಿತು, ಜೀಪು ತೆವಳಿತು, ಆಕ್ಸೆಲ್ಲು ಕಿಮಕ್ ಎನ್ನಲಿಲ್ಲ. ಅಂಗಳ ಸುತ್ತಿ ಇಳಿದು ಬಂದಾಗ ಮೇಸ್ತ್ರಿ ಡ್ರಮ್ಮಿಗೂ ಹೊಟ್ಟೆಗೂ ಅಂಗೈ ಇಟ್ಟು ಬಿಸಿ ನೋಡಿದ. ಭಾರ ಬಿದ್ದ ಮೇಲೆ ಸಡಿಲಾಗುವುದು ಸಹಜವೆಂದು ಯು ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರು ಕೊಟ್ಟ. ಆಮೇಲೆ ಮುಂದಕ್ಕೂ ಒಮ್ಮೆ ಬಗ್ಗಿದ.

“ಗೌಡ್ರೆ, ಮುಂದಿನ ಹೌಸಿಂಗಲ್ಲೂ ಆಯಿಲ್ ಇಳೀತಿದೆ.”

“ಮೆಲ್ಲಗೆ ಹೇಳ ಮಾರಾಯ. ಅಡಕೆ ರೇಟು ಏರ್ಲಿ.”

ಅಷ್ಟರಲ್ಲಿ ಬಚ್ಚಲಮನೆಯಿಂದ ಚಿಕ್ಕಮ್ಮನ ದನಿ ಕೇಳಿತು: ನಿನ್ನೆ ತಂದ ಹೊಸ ಸೋಪಿನ ಬಾರು ಕಾಣುತ್ತಿಲ್ಲವಲ್ಲ, ಯಾರಾದರೂ ಕಂಡಿರಾ?